ವಿಮೆ ಕ್ಲೇಮಿಗೆ ಮಧ್ಯವರ್ತಿ ಬೇಕೆ?

ಪ್ರಶ್ನೆ: ಗಾಳಿಮಳೆಗೆ ಮನೆಯ ತಗಡು ಹಾರಿ, ಗೋಡೆ ಬಿರುಕು ಬಿಟ್ಟಿದೆ. ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಕ್ಲೇಮು ಮಾಡಿಸಿಕೊಡಲು ಒಬ್ಬರು ಶೇ. 15 ಕೇಳುತ್ತಿದ್ದಾರೆ. ಪಾಲಿಸಿದಾರರ ಪರವಾಗಿ ಕ್ಲೇಮು ನಡೆಸಿಕೊಡುವ ಅಮೆರಿಕದ ‘ಪಬ್ಲಿಕ್ ಅಡ್ಜಸ್ಟರ್’ ಥರದವರು ಇಲ್ಲಿದ್ದಾರೆಯೇ?
– ಓದುಗರು, ಗಂಗಾವತಿ

ಉತ್ತರ: ಆ ಹೆಸರಿನ ಪರವಾನಗಿ ನಮ್ಮಲ್ಲಿಲ್ಲ. ನಷ್ಟ ಅಳೆಯುವವರು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಪರವಾನಗಿಯ ಸರ್ವೇಯರ್. ಅವರನ್ನು ನೇಮಿಸಿ ಶುಲ್ಕ ಕೊಡುವುದು ವಿಮಾ ಕಂಪನಿ. ಶೇ. 15 ದಯವಿಟ್ಟು ಒಪ್ಪಬೇಡಿ.

ಆ ಹಣದ ಒಂದು ಪಾಲಿನಲ್ಲೇ ಗಂಗಾವತಿಯ ಸಿವಿಲ್ ಎಂಜಿನಿಯರ್ ಒಬ್ಬರಿಂದ ಅಂದಾಜುಪಟ್ಟಿ ಮಾಡಿಸಿ. ಕ್ಲೇಮು ಕುಗ್ಗುವುದು ಹೆಚ್ಚಾಗಿ ಇಲ್ಲೇ. ಮೇಸ್ತ್ರಿ ಬರೆದ ‘ಒಟ್ಟು ಎರಡು ಲಕ್ಷ’ ಎಂಬ ಚೀಟಿ ನಿಲ್ಲುವುದಿಲ್ಲ. ತಗಡು ಎಷ್ಟು ಚದರಡಿ, ಪ್ಲಾಸ್ಟರ್ ಎಷ್ಟು, ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಇರಬೇಕು. ಬಿರುಕು ಹಳೆಯದು, ಸವೆತದ್ದು ಎಂದು ತಳ್ಳಿಹಾಕುವುದೂ ಉಂಟು. ಅದು ಗಾಳಿಯಿಂದಲೇ ಆದದ್ದಾದರೆ ಕಾರಣಸಹಿತ ಬರೆಸಿ. ನಿಮ್ಮ ಪಾಲಿಸಿಯಲ್ಲಿ ಎಂಜಿನಿಯರ್ ಶುಲ್ಕಕ್ಕೆ ಕ್ಲೇಮಿನ ಶೇ. 5ರವರೆಗೆ, ಅವಶೇಷ ಸಾಗಿಸಲು ಶೇ. 2ರವರೆಗೆ ಅವಕಾಶವಿದೆ. ಕೇಳದೆ ಬಿಡಬೇಡಿ.

ಸರ್ವೇಯರ್ ನೋಡುವವರೆಗೆ ತಾಡಪಾಲು ಹೊದಿಸಿ ಸಾಕು, ಮುರಿದ ತಗಡನ್ನು ಗುಜರಿಗೆ ಹಾಕಬೇಡಿ. ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ. ಮೊತ್ತ ಒಪ್ಪಿಗೆಯಾಗದಿದ್ದರೆ ‘ಪೂರ್ಣ ತೃಪ್ತಿ’ ಎಂಬ ವೋಚರಿಗೆ ಸಹಿ ಹಾಕದೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ಇಂಥ ದೂರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಏಜೆಂಟರೂ ವಾದಿಸುವಂತಿಲ್ಲ.