ಜಿಲ್ಲೆಯ ಆರೋಗ್ಯದ ಅಂಕಿಗಳನ್ನು ಯಾರು ಎಣಿಸುತ್ತಾರೆ, ಎಷ್ಟು ನಂಬಬಹುದು?

ನಿಮ್ಮ ಜಿಲ್ಲೆಯ ಮಕ್ಕಳಲ್ಲಿ ರಕ್ತಹೀನತೆ ಐದು ವರ್ಷಗಳಲ್ಲಿ ಶೇ 60ರಿಂದ ಶೇ 64ಕ್ಕೆ ಏರಿದೆ ಎಂದು ಪತ್ರಿಕೆಯಲ್ಲಿ ಓದಿದ್ದಾಗಿ ಬರೆದಿದ್ದೀರಿ. ಇಂಥ ಅಂಕಿಗಳು ಎಲ್ಲಿಂದ ಬರುತ್ತವೆ, ಅವುಗಳನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಮುದಾಯ ವೈದ್ಯಶಾಸ್ತ್ರವನ್ನು ಬೋಧಿಸುವವನಾದ್ದರಿಂದ ಈ ಅಂಕಿಗಳೊಂದಿಗೆ ನನಗೆ ದಿನನಿತ್ಯದ ಒಡನಾಟವಿದೆ. ಆ ಎರಡೂ ಅಂಕಿಗಳು ಸುಳ್ಳಲ್ಲ. ಆದರೆ ಒಂದೇ ಜಿಲ್ಲೆಯ ಮಟ್ಟದಲ್ಲಿ ಅಷ್ಟು ಸಣ್ಣ ವ್ಯತ್ಯಾಸವನ್ನು ನೋಡಿ ‘ಏರಿದೆ’ ಎಂದು ಬರೆಯುವುದಕ್ಕೆ ಆಧಾರ ಸಾಲದು.

ನೀವು ಓದಿದ್ದು ಬಹುತೇಕ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನೇ ಇರಬೇಕು. 1992-93ರಲ್ಲಿ ಆರಂಭವಾದ ಈ ಸಮೀಕ್ಷೆಯನ್ನು ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿಕೊಂಡು ಬಂದಿದೆ. ಮೊದಲ ಮೂರು ಸುತ್ತುಗಳಲ್ಲಿ ರಾಜ್ಯಗಳ ಅಂದಾಜು ಮಾತ್ರ ಸಿಗುತ್ತಿತ್ತು; ಜಿಲ್ಲಾವಾರು ಅಂದಾಜು ಬಂದದ್ದು 2015-16ರ ನಾಲ್ಕನೇ ಸುತ್ತಿನಿಂದ. 2019-21ರ ಐದನೇ ಸುತ್ತಿನಲ್ಲಿ 707 ಜಿಲ್ಲೆಗಳ ಸುಮಾರು 6.37 ಲಕ್ಷ ಮನೆಗಳನ್ನು ಸಂದರ್ಶಿಸಲಾಯಿತು. ದೇಶದ ಲೆಕ್ಕದಲ್ಲಿ ಇದು ಬೃಹತ್ ಸಮೀಕ್ಷೆಯೇ ಆದರೂ ಭಾಗಿಸಿ ನೋಡಿದರೆ ಒಂದು ಜಿಲ್ಲೆಯ ಪಾಲಿಗೆ ಬರುವುದು ಸರಾಸರಿ 900 ಮನೆಗಳು, ಅವುಗಳಲ್ಲಿ ಸಿಗುವುದು ಐದು ವರ್ಷದೊಳಗಿನ ಕೆಲವೇ ನೂರು ಮಕ್ಕಳು. ಮುನ್ನೂರು ಮಕ್ಕಳನ್ನು ಪರೀಕ್ಷಿಸಿ ಶೇ 60 ಎಂಬ ಉತ್ತರ ಬಂದರೆ, ಸರಳ ಲೆಕ್ಕದಲ್ಲಿಯೇ ನಿಜವಾದ ಪ್ರಮಾಣ ಶೇ 54ರಿಂದ 66ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಆಯ್ಕೆಯಾದ ಪ್ರತಿ ಹಳ್ಳಿ ಅಥವಾ ಬಡಾವಣೆಯಿಂದ 22 ಮನೆಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದರಿಂದ, ಅಕ್ಕಪಕ್ಕದ ಮನೆಗಳ ಊಟ ಉಪಚಾರಗಳು ಒಂದೇ ತೆರನಾಗಿರುವ ಸಾಧ್ಯತೆ ಹೆಚ್ಚಿ, ಆ ಅಂತರ ಇನ್ನಷ್ಟು ಹಿಗ್ಗುತ್ತದೆ. ಇದನ್ನು ಸಮೀಕ್ಷೆಯ ದೋಷ ಎನ್ನಲಾಗದು. ದೋಷವಿರುವುದು ಆ ಅಂತರವನ್ನು ಬಿಟ್ಟು ಬರಿಯ ಅಂಕಿಯನ್ನು ಶೀರ್ಷಿಕೆಗೆ ಏರಿಸುವುದರಲ್ಲಿ.

ರಾಷ್ಟ್ರಮಟ್ಟದ ಮಾತು ಬೇರೆ. ಎರಡು ಸುತ್ತುಗಳ ನಡುವೆ ದೇಶದ ಮಕ್ಕಳ ರಕ್ತಹೀನತೆ ಶೇ 58.6ರಿಂದ 67.1ಕ್ಕೂ ಕರ್ನಾಟಕದಲ್ಲಿ ಶೇ 60.9ರಿಂದ 65.5ಕ್ಕೂ ಏರಿತು. ಅಷ್ಟು ದೊಡ್ಡ ಮಾದರಿಯಲ್ಲಿ ಕಂಡ ಈ ಏರಿಕೆಯನ್ನು ಆಕಸ್ಮಿಕ ಎಂದು ತಳ್ಳಿಹಾಕಲಾಗದು. ಹಾಗಿದ್ದರೂ ಅಳೆದ ಬಗೆಯನ್ನು ವಿಚಾರಿಸಲೇಬೇಕು. ಕಾರ್ಯಕರ್ತೆಯು ಮಗುವಿನ ಬೆರಳಿಗೆ, ತೀರಾ ಎಳೆಯ ಮಗುವಾದರೆ ಹಿಮ್ಮಡಿಗೆ, ಸೂಜಿ ಚುಚ್ಚಿ ಬಂದ ಹನಿಯನ್ನು ಕೈಯಲ್ಲಿ ಹಿಡಿಯುವ ಯಂತ್ರದಲ್ಲಿಟ್ಟು ಹಿಮೋಗ್ಲೋಬಿನ್ ಓದುತ್ತಾರೆ. ರಕ್ತ ಸಾಲದೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಸೇರಿ ಹನಿ ತೆಳುವಾಗುತ್ತದೆ, ಯಂತ್ರ ಕಡಿಮೆ ಓದುತ್ತದೆ, ಆರೋಗ್ಯವಾಗಿರುವ ಮಗುವೂ ರಕ್ತಹೀನರ ಪಟ್ಟಿಗೆ ಸೇರಿಬಿಡಬಹುದು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅಂದರೆ 2016-18ರಲ್ಲಿ, ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯು ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡ ಪ್ರಮಾಣ ಸುಮಾರು ಶೇ 41. ಎರಡರ ವಯೋಮಿತಿಯಲ್ಲಿ ಸ್ವಲ್ಪ ವ್ಯತ್ಯಾಸವಿದೆ ನಿಜ, ಆದರೆ ಇಷ್ಟು ದೊಡ್ಡ ಅಂತರವನ್ನು ಅದೊಂದೇ ವಿವರಿಸಲಾರದು. ನನ್ನ ಅಭಿಪ್ರಾಯದಲ್ಲಿ ಕುಟುಂಬ ಸಮೀಕ್ಷೆಯು ರಕ್ತಹೀನತೆಯ ಮಟ್ಟವನ್ನು ಹೆಚ್ಚಾಗಿಯೇ ತೋರಿಸಿದೆ. ಎರಡೂ ಸುತ್ತುಗಳಲ್ಲಿ ವಿಧಾನ ಒಂದೇ ಆಗಿದ್ದುದರಿಂದ ಏರಿಕೆಯನ್ನು ಮಾತ್ರ ಅದರ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ.

ಜನನ ಮರಣಗಳ ಪ್ರಮಾಣಕ್ಕೆ ಬೇರೆಯದೇ ವ್ಯವಸ್ಥೆಯಿದೆ, ಅದನ್ನು ಕಟ್ಟಿದವರ ಬಗ್ಗೆ ನನಗೆ ವಿಶೇಷ ಗೌರವ. ಮಾದರಿ ನೋಂದಣಿ ವ್ಯವಸ್ಥೆಯಲ್ಲಿ, ಆಯ್ದ ಹಳ್ಳಿ ಅಥವಾ ಬಡಾವಣೆಯ ಪ್ರತಿ ಹುಟ್ಟು ಸಾವನ್ನೂ ಅಲ್ಲೇ ನೆಲೆಸಿರುವ ಒಬ್ಬ ಅರೆಕಾಲಿಕ ಗಣತಿದಾರರು, ಸಾಮಾನ್ಯವಾಗಿ ಶಾಲೆಯ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ, ವರ್ಷವಿಡೀ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಆ ಪುಸ್ತಕವನ್ನು ನೋಡದೆಯೇ ಮನೆಮನೆಗೆ ಹೋಗಿ ಸ್ವತಂತ್ರವಾಗಿ ವಿಚಾರಿಸಿ ಬರುತ್ತಾರೆ. ನಂತರ ಎರಡೂ ಪಟ್ಟಿಗಳನ್ನು ಒಂದೊಂದಾಗಿ ತಾಳೆ ನೋಡಿ, ಹೊಂದದೆ ಉಳಿದ ಪ್ರಕರಣಗಳಿಗಾಗಿ ಮತ್ತೆ ಆ ಮನೆಯ ಬಾಗಿಲಿಗೆ ಹೋಗುತ್ತಾರೆ. 2020ರಲ್ಲಿ ಸಾವಿರ ಜೀವಂತ ಜನನಗಳಿಗೆ ಶಿಶು ಮರಣ ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43 ಎಂದು ನಾವು ಧೈರ್ಯವಾಗಿ ಹೇಳುವುದು ಈ ತಾಳೆಯ ಬಲದಿಂದ. ಆದರೆ ಇದು ಜಿಲ್ಲೆಯ ಲೆಕ್ಕ ಕೊಡುವುದಿಲ್ಲ. ತಾಯಂದಿರ ಸಾವು ಅದೃಷ್ಟವಶಾತ್ ವಿರಳವಾದ್ದರಿಂದ, ಅದರ ರಾಜ್ಯವಾರು ಅಂದಾಜಿಗೂ ಮೂರು ವರ್ಷಗಳ ಮಾಹಿತಿಯನ್ನು ಕೂಡಿಸಬೇಕಾಗುತ್ತದೆ.

ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ಸಮೀಕ್ಷೆಗಾಗಿ ಕಾಯುತ್ತ ಕೂರುವಂತಿಲ್ಲ. ಅದಕ್ಕೆಂದೇ 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಬಂದಿತು: ಲಕ್ಷಣಗಳನ್ನು ಕಂಡ ಆರೋಗ್ಯ ಕಾರ್ಯಕರ್ತೆ, ರೋಗವನ್ನು ಶಂಕಿಸಿದ ವೈದ್ಯರು, ಖಚಿತಪಡಿಸಿದ ಪ್ರಯೋಗಾಲಯ, ಹೀಗೆ ಮೂವರಿಂದಲೂ ಪ್ರತ್ಯೇಕ ವರದಿ. ವಾರಕ್ಕೊಮ್ಮೆ ಹೋಗುತ್ತಿದ್ದ ಕಾಗದದ ನಮೂನೆಗಳ ಜಾಗಕ್ಕೆ ಈಗ ಆನ್‌ಲೈನ್ ವ್ಯವಸ್ಥೆ ಬಂದಿದೆ. ಇಲ್ಲಿ ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದು ಈ ರೋಗ ಪತ್ತೆಯಾಗಲು ಕಾರಣವಾಯಿತು. ಹಲವು ದಶಕ ಮಲೆನಾಡು ಮತ್ತು ಆಸುಪಾಸಿನ ರೋಗವೆಂದೇ ಪರಿಗಣಿತವಾಗಿದ್ದ ಅದು 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿಯೂ ಕಂಡಿತು. ವೈರಸ್ ಹೊಸ ಕಾಡುಗಳಿಗೆ ಹಬ್ಬಿತೇ, ಮೊದಲೇ ಅಲ್ಲಿದ್ದದ್ದನ್ನು ಪರೀಕ್ಷಿಸುವವರು ಆಗ ಬಂದರೇ ಎಂಬುದನ್ನು ನಕಾಶೆಯೊಂದರಿಂದಲೇ ಹೇಳಲಾಗದು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು ಎಂಬುದು ನನ್ನ ಅಂದಾಜು. ಚೆನ್ನಾಗಿ ಪರೀಕ್ಷಿಸುವ ಜಿಲ್ಲೆಯೇ ಹೆಚ್ಚು ರೋಗಗ್ರಸ್ತವಾಗಿ ಕಾಣುವುದು ಈ ಕ್ಷೇತ್ರದಲ್ಲಿ ನಿತ್ಯದ ಸಂಗತಿ. ಸೊನ್ನೆ ವರದಿ ಮಾಡುವ ಜಿಲ್ಲೆಯನ್ನು ಕಂಡರೆ ನನಗಂತೂ ಸಮಾಧಾನಕ್ಕಿಂತ ಅನುಮಾನವೇ ಮೊದಲು ಬರುತ್ತದೆ.

ಸಾವಿನ ಕಾರಣಗಳ ಲೆಕ್ಕ ಇದಕ್ಕಿಂತಲೂ ದುರ್ಬಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರಿಂದ ಕಾರಣ ಪ್ರಮಾಣೀಕೃತವಾದದ್ದು ಸುಮಾರು ಶೇ 22.5 ಮಾತ್ರ.

ಇನ್ನು ನಿಮ್ಮ ಜಿಲ್ಲೆಯ ವಿಚಾರ. ಸಮೀಕ್ಷೆಯ ಜಿಲ್ಲಾ ಮಾಹಿತಿ ಹಾಳೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಆವರಣದೊಳಗೆ ಇರುವ ಅಂಕಿ 25ರಿಂದ 49 ಜನರ ಮಾಹಿತಿಯನ್ನು ಮಾತ್ರ ಆಧರಿಸಿದ್ದು. ಅದಕ್ಕೂ ಕಡಿಮೆ ಇದ್ದರೆ ಅಂಕಿಯ ಬದಲು ನಕ್ಷತ್ರದ ಗುರುತು ಇರುತ್ತದೆ. ಅಕ್ಕಪಕ್ಕದ ಮೂರು ನಾಲ್ಕು ಜಿಲ್ಲೆಗಳ ಹಾಳೆಗಳನ್ನೂ ತೆಗೆದು, ಎಲ್ಲ ಕಡೆಯೂ ಅಂಕಿ ಒಂದೇ ದಿಕ್ಕಿಗೆ ಸರಿದಿದೆಯೇ ಎಂದು ನೋಡಿದರೆ, ಒಂದೇ ಜಿಲ್ಲೆಯಲ್ಲಿ ಶೇ 60ರಿಂದ 64ಕ್ಕೆ ಆದ ಏರಿಕೆಗಿಂತ ಗಟ್ಟಿಯಾದ ಸುಳಿವು ಸಿಗುತ್ತದೆ. ಇನ್ನೊಂದು ಮಾತು: 2023-24ರ ಆರನೇ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನು ಕೈಬಿಟ್ಟು, ರಕ್ತನಾಳದ ರಕ್ತವನ್ನು ಪರೀಕ್ಷಿಸುವ ಬೇರೊಂದು ಸಮೀಕ್ಷೆಗೆ ಅದನ್ನು ವಹಿಸಲು ತೀರ್ಮಾನಿಸಲಾಗಿದೆ. ಅದರ ಅಂಕಿ ಹೊರಬಂದಾಗ ರಕ್ತಹೀನತೆ ಒಮ್ಮೆಲೇ ಇಳಿದಂತೆ ಕಾಣುವ ಸಂಭವವಿದೆ. ಅದನ್ನು 64ರ ಪಕ್ಕದಲ್ಲಿಟ್ಟು ಹೋಲಿಸಬೇಡಿ.