ಮುಸ್ಸಂಜೆಯಲ್ಲಿ ಚಂದ್ರ, ಶುಕ್ರರ ಫೋಟೋ ತೆಗೆದರೆ ಚಂದ್ರ ಬರೀ ಬಿಳಿ ಉಂಡೆಯಂತೆ ಕಾಣುವುದೇಕೆ?

ಬಹುಶಃ ನೀವು ತಡವಾಗಿ ತೆಗೆಯುತ್ತಿದ್ದೀರಿ. ಕತ್ತಲಾದ ಮೇಲೆ ಕ್ಯಾಮೆರಾ ಕಪ್ಪು ಆಕಾಶಕ್ಕೆ ಹೊಂದಿಕೊಂಡು ಜಾಸ್ತಿ ಬೆಳಕು ಎಳೆದುಕೊಳ್ಳುತ್ತದೆ. ಆದರೆ ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು ಅಲ್ವಾ? ವಿವರವೆಲ್ಲ ಅಳಿಸಿಹೋಗುತ್ತದೆ. ಸೂರ್ಯ ಮುಳುಗಿದ 30-40 ನಿಮಿಷಕ್ಕೆ ತೆಗೆದು ನೋಡಿ. ಆಕಾಶ ಇನ್ನೂ ನೀಲಿಯಾಗಿರುತ್ತದೆ, ಶುಕ್ರನೂ ಎದ್ದು ಕಾಣುತ್ತಾನೆ. ಫೋನಾದರೆ ಚಂದ್ರನ ಮೇಲೆ ಬೆರಳೊತ್ತಿ, ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ.

ನನಗಿಷ್ಟ ಬಿದಿಗೆ, ತದಿಗೆಯ ಚಂದ್ರ. ಭೂಮಿಯಿಂದ ಹೋದ ಬೆಳಕಿನಲ್ಲಿ ಅದರ ಕತ್ತಲ ಭಾಗವೂ ಮಂಕಾಗಿ ಹೊಳೆಯುತ್ತದೆ. ಅದು ಬೇಕಿದ್ದರೆ ಮಾತ್ರ ಟ್ರೈಪಾಡ್ ಹಾಕಿ, ಎಕ್ಸ್‌ಪೋಶರ್ (ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) ಹೆಚ್ಚಿಸಿ. 200 ಎಂಎಂ ಲೆನ್ಸಿಗೆ 1 ಸೆಕೆಂಡ್ ಸಾಕು. ಅದಕ್ಕೂ ಜಾಸ್ತಿಯಾದರೆ ಭೂಮಿ ತಿರುಗುವುದರಿಂದ ಚಿತ್ರ ಕಲಸಿಹೋಗುತ್ತದೆ. ಗುರು, ಶನಿ ಮಾತ್ರ ಫೋನಿನಲ್ಲಿ ಚುಕ್ಕೆಗಳೇ. ಸುಮ್ನೆ ಜೂಮ್ ಮಾಡಬೇಡಿ.