ಸಾಂಬಾರಿನೊಳಗೆ ಗೋಧಿ ಎಲ್ಲಿಂದ ಬಂತು?

ಪ್ರಶ್ನೆ: ನನ್ನ 14 ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಕಳೆದ ವರ್ಷ ಗೊತ್ತಾಯಿತು. ಮನೆಯಲ್ಲಿ ಗೋಧಿ, ಮೈದಾ, ರವೆ ಎಲ್ಲ ನಿಲ್ಲಿಸಿದ್ದೇವೆ. ಹೊರಗೆ ಹೋದರೆ ಇಡ್ಲಿ ಸಾಂಬಾರ್, ಇಲ್ಲವೇ ದೋಸೆ, ಅಷ್ಟೇ ಕೊಡಿಸುವುದು. ಆದರೂ ಹೋಟೆಲಿಗೆ ಹೋಗಿ ಬಂದ ಮೇಲೆ ಹೊಟ್ಟೆನೋವು, ಭೇದಿ. ಅಕ್ಕಿ ತಿಂದರೂ ಹೀಗಾಗುತ್ತಾ? ಹೋಟೆಲೇ ಬೇಡ ಅಂದರೆ ಅಳುತ್ತಾಳೆ.
– ಓದುಗರು, ದಾವಣಗೆರೆ

ಉತ್ತರ: ಸೀಲಿಯಾಕ್ ಇರುವವರಿಗೆ ಆಗದ್ದು ಗ್ಲುಟೆನ್, ಅಂದರೆ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್. ಅಕ್ಕಿಯಲ್ಲಿ ಅದು ಇಲ್ಲ, ಉದ್ದಿನಲ್ಲೂ ಇಲ್ಲ. ನನ್ನ ಮೊದಲ ಅನುಮಾನ ಸಾಂಬಾರಿನ ಮೇಲೆ. ಅದರಲ್ಲೂ ಇಂಗಿನ ಮೇಲೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿ ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಆದರೆ ಹೋಟೆಲಿನವರು ಯಾವುದು ತರುತ್ತಾರೆ ಅಂತ ಕೇಳದೆ ತಿಳಿಯಲ್ಲ. ಸಾಂಬಾರ್, ರಸಂ, ಪುಳಿಯೋಗರೆ, ಚಟ್ನಿಯ ಒಗ್ಗರಣೆ, ಎಲ್ಲದರಲ್ಲೂ ಅದೇ ಇಂಗು. ಮನೆಯ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ಓದಿ.

ಎರಡನೆಯದು ದೋಸೆ ಹಿಟ್ಟು. ಬಣ್ಣ ಬರಲಿ, ಗರಿಗರಿ ಆಗಲಿ ಅಂತ ಕೆಲವರು ಒಂದು ಹಿಡಿ ಮೈದಾ ಇಲ್ಲವೇ ಚಿರೋಟಿ ರವೆ ಹಾಕುತ್ತಾರೆ. ಮೂರನೆಯದು ಕಾವಲಿ. ರವೆ ದೋಸೆ ಹುಯ್ದ ಕಾವಲಿಯನ್ನೇ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಅದರ ಮೇಲೇ ನಿಮ್ಮ ದೋಸೆ ಹುಯ್ಯುತ್ತಾರೆ. ಆ ಪೊರಕೆ ಇಡೀ ದಿನ ಅದೇ. ಬಿಸಿಗೆ ಎಲ್ಲ ಸುಟ್ಟು ಹೋಗುತ್ತೆ ಅಂದುಕೊಳ್ಳಬೇಡಿ. ಕಾಯಿಸಿದರೆ, ಕರಿದರೆ ಗ್ಲುಟೆನ್ ಹೋಗುವುದಿಲ್ಲ. ‘ಗ್ಲುಟೆನ್ ಮುಕ್ತ’ ಎಂದು ಪ್ಯಾಕೆಟ್ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ನಿಯಮ. ಲೆಕ್ಕ ಅಷ್ಟು ಸೂಕ್ಷ್ಮ. ಪೂರಿ, ಬನ್ಸ್ ಕರಿದ ಎಣ್ಣೆಯಲ್ಲಿ ಕರಿದ ಉದ್ದಿನ ವಡೆಯೂ ಬೇಡ ಅನ್ನುವುದು ಇದಕ್ಕೇ.

ಹಾಗಾದರೆ ಏನು ಕೇಳಬೇಕು? ‘ಗ್ಲುಟೆನ್ ಇದೆಯಾ’ ಅಂತ ಕೇಳಲೇಬೇಡಿ. ಸಪ್ಲೈಯರ್ ಹುಡುಗ ‘ಇಲ್ಲ ಮೇಡಂ’ ಅಂದುಬಿಡುತ್ತಾನೆ. ಅವನ ತಪ್ಪೇನಿಲ್ಲ, ಅಂಥ ಸಾಮಾನು ಅವನ ಅಡುಗೆಮನೆಗೆ ಬಂದೇ ಇಲ್ಲ! ನೇರವಾಗಿ ದೋಸೆ ಹುಯ್ಯುವವರ ಹತ್ತಿರ ಹೋಗಿ. ‘ಅಣ್ಣಾ, ಮಗಳಿಗೆ ಗೋಧಿ ಸೋಕಿದರೂ ಆಗಲ್ಲ, ಡಾಕ್ಟರು ಹೇಳಿದ್ದಾರೆ. ಹಿಟ್ಟಿಗೆ ಮೈದಾ, ರವೆ ಹಾಕ್ತೀರಾ? ಇಂಗಿನ ಡಬ್ಬಿ ತೋರಿಸ್ತೀರಾ?’ ಅನ್ನಿ. ಮಧ್ಯಾಹ್ನ ಮೂರೂವರೆ ಸುಮಾರಿಗೆ ಹೋಗಿ, ಆಗ ಜನ ಕಡಿಮೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೇಳಿದರೆ ಯಾರಿಗೂ ಉತ್ತರ ಕೊಡುವ ಪುರುಸೊತ್ತಿರಲ್ಲ. ಡಬ್ಬಿ ತೋರಿಸದೆ ‘ಏನೂ ಆಗಲ್ಲ ತಿನ್ಸಿ’ ಅನ್ನುವ ಕಡೆಯಿಂದ ಎದ್ದು ಬನ್ನಿ. ಊರೆಲ್ಲ ಅಲೆಯುವುದಕ್ಕಿಂತ ಎರಡು ಹೋಟೆಲಿನವರನ್ನು ಪರಿಚಯ ಮಾಡಿಕೊಳ್ಳುವುದು ಲೇಸು.

ನಿಮ್ಮೂರಿನ ಬೆಣ್ಣೆ ದೋಸೆಗೆ ಒಂದು ಅನುಕೂಲವಿದೆ. ಹಳೇ ಪದ್ಧತಿಯ ಹೋಟೆಲುಗಳಲ್ಲಿ ಅದರ ಜೊತೆ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಮಾತ್ರ. ಸಾಂಬಾರೇ ಇಲ್ಲ. ಬರೀ ಬೆಣ್ಣೆ ದೋಸೆ ಮಾಡುವ ಹೋಟೆಲಾದರೆ ಕಾವಲಿಯ ಚಿಂತೆಯೂ ಕಡಿಮೆ. ಹಿಟ್ಟಿಗೆ ಅಕ್ಕಿ, ಉದ್ದು, ಮಂಡಕ್ಕಿ ಬಿಟ್ಟು ಮೈದಾ ಬೀಳುತ್ತಾ ಅಂತ ಕೇಳಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಪಲ್ಯಕ್ಕೆ ಇಂಗು ಹಾಕುತ್ತಾರಾ ಅನ್ನುವುದನ್ನೂ ಕೇಳಿ.

ರವೆ ಇಡ್ಲಿ, ಕೇಸರಿಬಾತ್, ಮದ್ದೂರು ವಡೆ, ಗೋಳಿಬಜೆಯಲ್ಲಿ ಗೋಧಿ ಇರುವುದು ನಿಮಗೆ ಗೊತ್ತೇ ಇರುತ್ತದೆ. ಗೋಬಿ ಮಂಚೂರಿಯಲ್ಲಿ ಮೈದಾ ಬಿಟ್ಟರೂ ಸೋಯಾ ಸಾಸ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ರಾಗಿ ಮಾಲ್ಟ್ ಬರೀ ರಾಗಿಯದ್ದಾದರೆ ಕುಡಿಯಬಹುದು. ಹಾರ್ಲಿಕ್ಸ್ ಬೇಡ, ಅದರಲ್ಲಿ ಗೋಧಿಯೂ ಇದೆ, ಬಾರ್ಲಿಯೂ ಇದೆ.

ಪ್ರಶ್ನೆ: ನನಗೆ ಶೇಂಗಾ ಅಲರ್ಜಿ. ಒಮ್ಮೆ ತುಟಿ ಊದಿ, ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿದ್ದೆ. ಕೆಲಸದ ಮೇಲೆ ಊರೂರು ತಿರುಗುತ್ತೇನೆ, ಖಾನಾವಳಿ ಊಟವೇ ಗತಿ. ಶೇಂಗಾ ಎಣ್ಣೆಯೂ ಅಪಾಯವೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕಡೆ ಶೇಂಗಾ ಇಲ್ಲದ ಊಟ ಹುಡುಕುವುದೇ ಕಷ್ಟ. ಚಟ್ನಿ ಪುಡಿ ಕಣ್ಣಿಗೆ ಕಾಣುತ್ತದೆ, ಬಿಡಬಹುದು. ಕಾಣದೆ ಇರುವುದು ಎಣ್ಣೆಗಾಯಿಯ ಮಸಾಲೆಯಲ್ಲಿ, ಗಟ್ಟಿ ಮಾಡಿದ ಪಲ್ಯಗಳಲ್ಲಿ. ಗುರೆಳ್ಳು ಪುಡಿಗೂ ಶೇಂಗಾ ಪುಡಿಗೂ ಒಂದೇ ಚಮಚ ಓಡಾಡುತ್ತದೆ. ರೊಟ್ಟಿ, ಬರೀ ಅನ್ನ, ಮೊಸರು ಸಾಕು ಅನ್ನಿ, ಬಡಿಸುವ ಮೊದಲೇ ಹೇಳಿ. ತಟ್ಟೆಗೆ ಬಿದ್ದದ್ದನ್ನು ಪಕ್ಕಕ್ಕೆ ಸರಿಸಿ ತಿನ್ನುವುದು ನಿಮ್ಮಂಥವರಿಗೆ ಸಲ್ಲ.

ಚೆನ್ನಾಗಿ ಶುದ್ಧೀಕರಿಸಿದ ರಿಫೈನ್ಡ್ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುತೇಕ ಉಳಿದಿರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಖಾನಾವಳಿಯಲ್ಲಿ ಯಾವ ಎಣ್ಣೆ ಅಂತ ಖಾತ್ರಿಯಾಗದಿದ್ದರೆ ಗಾಣದ್ದೇ ಎಂದು ತಿಳಿದು ನಡೆಯಿರಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಜೇಬಿನಲ್ಲಿ ಸೆಟ್ರಿಜಿನ್ ಮಾತ್ರೆ ಇದೆ ಅಂತ ಧೈರ್ಯ ಮಾಡಬೇಡಿ. ತುರಿಕೆಗೆ ಅದು ಸರಿ. ಗಂಟಲು ಬಿಗಿದಾಗ, ಉಸಿರು ಕಟ್ಟಿದಾಗ ಕೆಲಸ ಮಾಡುವುದು ಅಡ್ರಿನಾಲಿನ್ ಇಂಜೆಕ್ಷನ್. ಅದನ್ನು ತೊಡೆಯ ಸ್ನಾಯುವಿಗೆ ಕೊಡುತ್ತಾರೆ. ಜೊತೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ, ಕೊಡುವ ವಿಧಾನದ ಬಗ್ಗೆ ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ. ಇಂಥ ಹೊತ್ತಲ್ಲಿ 108ಕ್ಕೆ ಫೋನ್ ಮಾಡಿ. ನೀವೇ ಬೈಕ್ ಹತ್ತಿ ಹೊರಡಬೇಡಿ.

10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಲೇಬೇಕು, ಶೇಂಗಾ ಆ ಪಟ್ಟಿಯಲ್ಲಿದೆ. ಅಂಥ ಕಡೆ ಸಂಕೋಚ ಬಿಟ್ಟು ಕೇಳಿ. ಸಣ್ಣ ಖಾನಾವಳಿಗಳಿಗೆ ಈ ನಿಯಮವಿಲ್ಲ. ಅಲ್ಲಿ ನಿಮ್ಮ ಬಾಯೇ ಗತಿ.

ಪ್ರಶ್ನೆ: ಚಪಾತಿ ತಿಂದರೆ ಹೊಟ್ಟೆ ಉಬ್ಬರ. ಗೋಧಿ ಬಿಟ್ಟು ನೋಡಲೇ?
– ಓದುಗರು, ಮೈಸೂರು

ಉತ್ತರ: ಈಗಲೇ ಬಿಡಬೇಡಿ. ಮೊದಲು ವೈದ್ಯರನ್ನು ಕಂಡು, ಸೀಲಿಯಾಕ್ ಇದೆಯೇ ಎಂದು ನೋಡುವ ಟಿಟಿಜಿ ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ವರದಿ ಕೈಗೆ ಬರುವವರೆಗೆ ಚಪಾತಿ ತಿನ್ನುತ್ತಿರಿ, ಬೇಕಾದರೆ ಒಂದು ಕಡಿಮೆ ತಿನ್ನಿ.